ಮನೆಯಲ್ಲಿ ಬೆಳೆದ ಹೂವು ಹೂದಾನಿಯಲ್ಲಿ ಸಂಜೆಗೇ ಬಾಡುತ್ತದೆ, ಏನು ಮಾಡಲಿ?

ಬೆಳಗ್ಗೆ ಹತ್ತಕ್ಕೆ ಡೇರೆ (ಡೇಲಿಯಾ), ಗುಲಾಬಿ ಕೊಯ್ದು ಹೂದಾನಿಗೆ ಹಾಕುತ್ತೀರಿ, ಸಂಜೆಗೇ ತಲೆ ಬಗ್ಗಿಸುತ್ತವೆ ಅಂತ ಬರೆದಿದ್ದೀರಿ. ಮೊದಲ ತಪ್ಪು ಆ ಹತ್ತು ಗಂಟೆಯೇ. ರಾತ್ರಿಯಿಡೀ ಗಿಡ ನೀರು ಕುಡಿದಿರುತ್ತದೆ, ಬೆಳಗಿನ ಜಾವ ದಂಟು ತುಂಬಿಕೊಂಡಿರುತ್ತದೆ. ಬಿಸಿಲು ಏರಿದ ಮೇಲೆ ಕೊಯ್ದರೆ ಹೂವು ಆಗಲೇ ಬಾಯಾರಿರುತ್ತದೆ.

ನಾನು ಆರು, ಆರೂವರೆಗೆ ಕತ್ತರಿಯ ಜೊತೆ ಒಂದು ಬಕೆಟ್ ನೀರನ್ನೂ ಅಂಗಳಕ್ಕೆ ಒಯ್ಯುತ್ತೇನೆ. ದಂಟನ್ನು ಓರೆಯಾಗಿ ಕತ್ತರಿಸಿದ ಕೂಡಲೇ ನೀರಿಗೆ. ತಡಮಾಡಿದರೆ ದಂಟಿನೊಳಗೆ ಗಾಳಿ ಸೇರಿಕೊಳ್ಳುತ್ತದೆ, ಆಮೇಲೆ ನೀರು ಮೇಲೆ ಏರುವುದಿಲ್ಲ. ಬಕೆಟ್ಟನ್ನು ಹಾಗೇ ಬಚ್ಚಲುಮನೆಯ ಕತ್ತಲಲ್ಲಿ ಎರಡು ಮೂರು ಗಂಟೆ ಇಡುತ್ತೇನೆ. ಜೋಡಿಸುವುದು ಆಮೇಲೆ.

ಇನ್ನು ಡೇರೆ. ನಾನು ಮಲೆನಾಡಿನವಳು. ನಮ್ಮಲ್ಲಿ ಮಳೆಗಾಲ ಅಂದರೆ ಡೇರೆ ಕಾಲ. ಗೆಡ್ಡೆ ಕೊಟ್ಟು ತಗೊಂಡೇ ಎಷ್ಟೋ ಮನೆಗಳ ನಡುವೆ ನೆಂಟಸ್ತಿಕೆ ಬೆಳೆದಿದೆ. ಮೊಗ್ಗಿನಲ್ಲಿ ಕೊಯ್ದರೆ ಜಾಸ್ತಿ ದಿನ ಬರುತ್ತದೆ ಅಂದುಕೊಂಡು ನಾನೂ ಶುರುವಿನಲ್ಲಿ ಅರ್ಧ ಬಿರಿದದ್ದನ್ನೇ ಕೊಯ್ಯುತ್ತಿದ್ದೆ. ಡೇರೆ ಕೊಯ್ದ ಮೇಲೆ ಅರಳುವುದಿಲ್ಲ. ಅರ್ಧದಲ್ಲೇ ನಿಂತು ಕಂದುತ್ತದೆ. ಪೂರ್ತಿ ಅರಳಿದ್ದನ್ನೇ ಕೊಯ್ಯಿರಿ, ಆದರೆ ಹೂವನ್ನು ತಿರುಗಿಸಿ ಹಿಂಬದಿ ನೋಡಿ. ಅಲ್ಲಿನ ಎಸಳು ಗಟ್ಟಿಯಾಗಿದ್ದರೆ ಹೂವು ಹೊಸದು, ಮೆತ್ತಗಾಗಿ ಜೋತಿದ್ದರೆ ಬೇಡ. ಮಳೆ ಬಂದಿದ್ದರೆ ತಲೆಕೆಳಗೆ ಹಿಡಿದು ಮೆಲ್ಲಗೆ ನೀರು ಕೊಡವಿ, ಇಲ್ಲದಿದ್ದರೆ ಎಸಳಿನ ಸಂದು ಕೊಳೆಯುತ್ತದೆ. ಹೀಗೆ ಮಾಡಿದರೆ ನನಗೆ ನಾಲ್ಕೈದು ದಿನ ಬರುತ್ತದೆ.

ಸುಗಂಧರಾಜ ಇದಕ್ಕೆ ಪೂರ್ತಿ ಉಲ್ಟಾ. ಅದು ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಕೆಳಗಿನ ಎರಡು ಮೂರು ಹೂ ಬಿರಿದಾಗ ಕೊಯ್ಯಿರಿ, ಬಾಡಿದ್ದನ್ನು ದಿನಾ ಕಿತ್ತು ಹಾಕಿ. ಗುಲಾಬಿಯಾದರೆ ಹೊರಗಿನ ಒಂದೆರಡು ಎಸಳು ಸಡಿಲವಾದಾಗಲೇ ಸರಿ.

ನೀರಿನೊಳಗೆ ಒಂದು ಎಲೆಯೂ ಇರಬಾರದು. ಎಲೆ ಕೊಳೆತರೆ ಬ್ಯಾಕ್ಟೀರಿಯಾ ಬೆಳೆದು ದಂಟಿನ ಬಾಯಿ ಮುಚ್ಚುತ್ತದೆ. ಚೆಂಡುಹೂವಿನ ಎಲೆಯಂತೂ ಎರಡೇ ದಿನಕ್ಕೆ ನಾರುತ್ತದೆ. ಸಕ್ಕರೆ ಹಾಕಿ ಅಂತ ತುಂಬಾ ಜನ ಹೇಳುತ್ತಾರೆ. ಬರೀ ಸಕ್ಕರೆ ಹಾಕಿದರೆ ಆ ಬ್ಯಾಕ್ಟೀರಿಯಾಕ್ಕೂ ಊಟ ಬಡಿಸಿದಂತೆ, ಅಲ್ವಾ? ನಾನು ಏನೂ ಹಾಕುವುದಿಲ್ಲ. ದಿನಾ ನೀರು ಬದಲಿಸಿ, ಹೂದಾನಿ ತೊಳೆದು, ದಂಟಿನ ತುದಿ ಅರ್ಧ ಇಂಚು ಕತ್ತರಿಸುತ್ತೇನೆ, ಅಷ್ಟೇ.

ಜೋಡಿಸಲು ದುಬಾರಿ ಹೂದಾನಿ ಬೇಕಿಲ್ಲ. ನನ್ನ ಮೆಚ್ಚಿನದು ಹಳೆಯ ಉಪ್ಪಿನಕಾಯಿ ಭರಣಿ. ಬಾಯಿ ಅಗಲವಾಗಿದ್ದರೆ ಹೂವೆಲ್ಲ ಅಂಚಿಗೆ ಬೀಳುತ್ತದೆ, ಆಗ ಬಾಯಿಗೆ ಅಡ್ಡ ಉದ್ದ ಸೆಲೋಟೇಪ್ ಅಂಟಿಸಿ ಚೌಕ ಮಾಡಿಕೊಳ್ಳಿ. ಮೊದಲು ಕ್ರೋಟನ್ ಎಲೆ ಅಥವಾ ಬಲಿತ ಜರಿಗಿಡದ ಎಲೆ. ಎತ್ತರದ ಹೂವು ಪಾತ್ರೆಯ ಒಂದೂವರೆ ಪಟ್ಟು ಇದ್ದರೆ ಕಣ್ಣಿಗೆ ಹಿತ. ಭಾರದ ಡೇರೆ ಕೆಳಗೆ, ಅಂಚಿನ ಹತ್ತಿರ. ತುಂಬಾ ತುರುಕಬೇಡಿ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಇಕೆಬಾನಾ, ಅಂದರೆ ಜಪಾನಿನ ಹೂಜೋಡಣೆ ಇಟ್ಟಿರುವ ಕಡೆ ಸ್ವಲ್ಪ ಹೊತ್ತು ನಿಲ್ಲಿ. ಒಂದು ಕೊಂಬೆ, ಎರಡು ಹೂವು, ಸುತ್ತ ಖಾಲಿ ಜಾಗ. ಅದನ್ನು ನೋಡಿದ ಮೇಲೆ ನನ್ನ ಭರಣಿಯಲ್ಲಿ ಹೂವು ಅರ್ಧಕ್ಕೆ ಇಳಿಯಿತು.

ಫ್ಯಾನ್ ಕೆಳಗೆ ಇಡಬೇಡಿ. ಬಾಳೆಹಣ್ಣಿನ ಪಕ್ಕವೂ ಬೇಡ. ಹಣ್ಣಾಗುವಾಗ ಬರುವ ಎಥಿಲೀನ್ ಅನಿಲ ಹೂವನ್ನು ಬೇಗ ಮುದಿಯಾಗಿಸುತ್ತದೆ.

ದಾಸವಾಳ ಹಾಕಬಹುದಾ ಅಂತಲೂ ಕೇಳಿದ್ದೀರಿ. ಅದರಲ್ಲಿ ಹೆಚ್ಚಿನವು ಗಿಡದಲ್ಲಿದ್ದರೂ ಒಂದೇ ದಿನದ ಹೂವು, ಹೂದಾನಿ ಪಾಪ ಏನು ಮಾಡೀತು! ಬೆಳಗ್ಗೆ ಕೊಯ್ದು ಸುಮ್ನೆ ಒಂದು ತಟ್ಟೆಯಲ್ಲಿ ಇಡಿ. ನೀರಿಲ್ಲದೆಯೂ ಸಂಜೆಯವರೆಗೆ ಅರಳಿಯೇ ಇರುತ್ತದೆ.