ಒಂದು ವರ್ಷ ಗ್ಯಾಪ್ ಆಗಿದೆ, ಸೈಕಾಲಜಿಗೆ ಸೇರಿಸ್ಕೋತಾರಾ ಮೇಡಂ?

ಪ್ರಶ್ನೆ: ಮೇಡಂ ನಮಸ್ತೆ. ನಾನು ತುಮಕೂರು ಜಿಲ್ಲೆಯವಳು, 2025ರಲ್ಲಿ ಪಿಸಿಎಂಬಿ ತಗೊಂಡು ಸೆಕೆಂಡ್ ಪಿಯು ಪಾಸಾದೆ, 71 ಪರ್ಸೆಂಟ್ ಬಂತು. ನೀಟ್‌ನಲ್ಲಿ ಸೀಟ್ ಸಿಗೋ ಅಷ್ಟು ಬರ್ಲಿಲ್ಲ. ವರ್ಷ ಸುಮ್ನೆ ಹಾಳಾಗೋದು ಬೇಡ ಅಂತ ಮನೇಲಿ ಒಂದು ಕಾಲೇಜಲ್ಲಿ ಬಿಎಸ್ಸಿಗೆ ಸೇರ್ಸಿದ್ರು, ಎರಡು ತಿಂಗಳು ಹೋದೆ, ಅಷ್ಟರಲ್ಲಿ ಮಾವ ಹೇಳಿದ್ರು ಅಂತ ಬಿಡಿಸಿ ನೀಟ್ ಕೋಚಿಂಗಿನ ಲಾಂಗ್ ಟರ್ಮ್‌ಗೆ ಹಾಕಿದ್ರು. ಅಲ್ಲಿ ಹಾಸ್ಟೆಲಲ್ಲಿ ನನ್ನ ರೂಮ್‌ಮೇಟ್‌ಗೆ ರಾತ್ರಿ ಹೊತ್ತು ಉಸಿರು ಕಟ್ಟಿದ ಹಾಗಾಗಿ ಕೈಕಾಲೆಲ್ಲ ತಣ್ಣಗಾಗ್ತಿತ್ತು, ಆಸ್ಪತ್ರೆಲಿ ಇಸಿಜಿ ಎಲ್ಲ ನಾರ್ಮಲ್ ಅಂದ್ರು, ಕೊನೆಗೆ ಒಬ್ರು ಸೈಕಾಲಜಿಸ್ಟ್ ಹತ್ರ ಆರೇಳು ಸಲ ಹೋಗಿ ಬಂದ್ಮೇಲೆ ಅವಳು ಸರಿಹೋಗಿದ್ದನ್ನ ನಾನು ಕಣ್ಣಾರೆ ನೋಡ್ದೆ. ಆವತ್ತಿಂದ ನಂಗೆ ಇದನ್ನೇ ಓದ್ಬೇಕು ಅನ್ಸಿದೆ. ಆದ್ರೆ ಪಿಯುಲಿ ಸೈಕಾಲಜಿ ಓದಿಲ್ಲ, ಗ್ಯಾಪ್ ಬೇರೆ ಆಗಿದೆ. ಹಳೇ ಕಾಲೇಜಿನವರು ಮೂರು ವರ್ಷದ ಫೀಸ್ ಪೂರ್ತಿ ಕಟ್ಟಿದ್ರೆ ಮಾತ್ರ ಟಿಸಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡ್ತೀವಿ ಅಂತಿದಾರೆ. ಗ್ಯಾಪ್ ಸರ್ಟಿಫಿಕೇಟ್ ಅಂದ್ರೆ ಏನು, ಯಾರು ಕೊಡ್ತಾರೆ? ಅಪ್ಪ ಅಂತೂ 'ಹುಚ್ಚರ ಡಾಕ್ಟ್ರಾಗ್ತೀಯಾ' ಅಂತ ಮಾತೇ ಬಿಟ್ಟಿದಾರೆ.

ಉತ್ತರ: ಮೊದ್ಲು ಸಮಾಧಾನ ಮಾಡ್ಕೋ ಪುಟ್ಟಾ. ಒಂದು ವರ್ಷದ ಗ್ಯಾಪ್ ಯಾವ ಕಾಲೇಜಿಗೂ ದೊಡ್ಡ ವಿಷಯ ಅಲ್ಲ. ನಮ್ಮ ರಾಜ್ಯದ ಯೂನಿವರ್ಸಿಟಿಗಳಲ್ಲಿ ಬಿಎ ಸೇರೋಕೆ ಬೇಕಾಗಿರೋದು ಸೆಕೆಂಡ್ ಪಿಯು ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಿರೋದು, ಆರ್ಟ್ಸ್ ಆಗ್ಲಿ ಕಾಮರ್ಸ್ ಆಗ್ಲಿ ಸೈನ್ಸ್ ಆಗ್ಲಿ. ಪಿಯುಲಿ ಸೈಕಾಲಜಿ ಓದಿರ್ಲೇಬೇಕು ಅಂತೇನಿಲ್ಲ. ಬಿಎಸ್ಸಿಲಿ ಸೈಕಾಲಜಿ ತಗೊಳ್ಳೋದಾದ್ರೆ ಕೆಲವು ಕಡೆ ಸೈನ್ಸ್ ಓದಿರ್ಬೇಕು ಅಂತಾರೆ, ಅದು ನಿನಗೆ ಇದ್ದೇ ಇದೆ. ನಿಜ ಹೇಳ್ಬೇಕಂದ್ರೆ ಪಿಸಿಎಂಬಿ ನಿನಗೆ ಅನುಕೂಲನೇ ಆಯ್ತು, ಸೈಕಾಲಜಿ ಅಂದ್ರೆ ಬರೀ ಮಾತು ಅಂದ್ಕೊಂಡು ಬರೋ ಮಕ್ಕಳು ಮೆದುಳು ನರಮಂಡಲದ ಪಾಠಕ್ಕೂ ಸ್ಟಾಟಿಸ್ಟಿಕ್ಸ್‌ಗೂ ತತ್ತರಿಸಿ ಹೋಗ್ತಾರೆ, ನಾನು ಕ್ಲಾಸಲ್ಲಿ ವರ್ಷಾನುಗಟ್ಲೆ ನೋಡಿದೀನಿ.

ನಿನ್ನ ಪತ್ರದಲ್ಲಿ ನನಗೆ ಚಿಂತೆ ಆಗಿದ್ದು ಗ್ಯಾಪ್ ಬಗ್ಗೆ ಅಲ್ಲ, ಆ ಎರಡು ತಿಂಗಳ ಬಿಎಸ್ಸಿ ಬಗ್ಗೆ.

ಗ್ಯಾಪ್ ಸರ್ಟಿಫಿಕೇಟ್ ಅಂತ ಯಾವ ಆಫೀಸೂ ಕೊಡಲ್ಲ. ಅದು ನೀನೇ ಕೊಡೋ ಅಫಿಡವಿಟ್ಟು. ಇ-ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡ್ಸಿ ನೋಟರಿ ಹತ್ರ ಸೈನ್ ಹಾಕ್ಸೋದು, ತಾಲೂಕು ಕೋರ್ಟಿನ ಎದುರು ಕೂತಿರೋ ಟೈಪಿಂಗ್‌ನವರ ಹತ್ರ ಹೋದ್ರೆ ಅರ್ಧ ಗಂಟೇಲಿ ಆಗೋಗುತ್ತೆ. ತೊಂದ್ರೆ ಇರೋದು ಅಲ್ಲೇ. ಅವರ ಕಂಪ್ಯೂಟರಲ್ಲಿ ಒಂದು ರೆಡಿ ನಮೂನೆ ಇರುತ್ತೆ, ಹೆಸರು, ತಂದೆ ಹೆಸರು, ವರ್ಷ ಬದಲಾಯಿಸಿ ಪ್ರಿಂಟ್ ತೆಗೆದು ಕೊಟ್ಬಿಡ್ತಾರೆ. ಅದರಲ್ಲಿ ಮೂರನೇದೋ ನಾಲ್ಕನೇದೋ ಸಾಲು ಹೀಗಿರುತ್ತೆ: 'ಸದರಿ ಅವಧಿಯಲ್ಲಿ ನಾನು ಬೇರೆ ಯಾವುದೇ ಕಾಲೇಜಿಗೆ ಪ್ರವೇಶ ಪಡೆದಿರುವುದಿಲ್ಲ.' ಓದ್ದೆ ಸೈನ್ ಹಾಕಿದ್ರೆ ನೀನು ಪ್ರಮಾಣ ಮಾಡಿ ಸುಳ್ಳು ಹೇಳ್ದಂಗೆ. ನೀನು ಎರಡು ತಿಂಗಳು ಸೇರಿದ್ದೆ, ಫೀಸ್ ಕಟ್ಟಿದ್ದೀಯ, ಆ ಕಾಲೇಜು ರಾಜ್ಯದ ಯೂನಿವರ್ಸಿಟಿಗೆ ಸೇರಿದ್ದಾಗಿದ್ರೆ ಅಡ್ಮಿಷನ್ ಎಲ್ಲ ದಾಖಲಾಗೋ ಯುಯುಸಿಎಂಎಸ್ ಪೋರ್ಟಲಲ್ಲಿ ನಿನ್ನ ಹೆಸರೂ ಇರುತ್ತೆ. ನನ್ನ ಹತ್ರ ಓದಿದ ಒಬ್ಬ ಹುಡುಗಿ ಹಿಂಗೇ ಗೊತ್ತಿಲ್ದೆ ಸೈನ್ ಹಾಕಿ ಕೊಟ್ಟು, ಹೊಸ ಕಾಲೇಜಲ್ಲಿ ರಿಜಿಸ್ಟ್ರೇಷನ್ ಮಾಡೋವಾಗ ಹಳೇ ಅಡ್ಮಿಷನ್ ಸಿಕ್ಕಿ, ಪಾಪ ಮೊದಲ ಸೆಮಿಸ್ಟರ್ ಪೂರ್ತಿ ಪ್ರಿನ್ಸಿಪಾಲರ ರೂಮಿಗೂ ಯೂನಿವರ್ಸಿಟಿ ಆಫೀಸಿಗೂ ಅಲೆದ್ಲು. ಆ ಸಾಲು ತೆಗೆಸು. ಅದರ ಬದ್ಲಿಗೆ ಯಾವ ತಿಂಗಳು ಸೇರ್ದೆ, ಯಾವ ತಿಂಗಳು ಬಿಟ್ಟೆ, ಪರೀಕ್ಷೆ ಬರ್ದಿಲ್ಲ, ಆಮೇಲೆ ನೀಟ್‌ಗೆ ಓದ್ತಿದ್ದೆ ಅಂತ ಇದ್ದಿದ್ದನ್ನ ಇದ್ದಂಗೆ ಬರೆಸು. ನೀಟ್‌ಗೆ ಓದಿದ್ದು ನಾಚಿಕೆ ಪಡೋ ವಿಷಯ ಅಲ್ಲಮ್ಮ, ಅಡ್ಮಿಷನ್ ಕಮಿಟಿಲಿ ಕೂತೋರು ದಿನಕ್ಕೆ ಇಂಥ ಹತ್ತು ಮಕ್ಕಳನ್ನ ನೋಡಿರ್ತಾರೆ.

ಇನ್ನು ಒರಿಜಿನಲ್ಸ್. ಮೂರು ವರ್ಷದ ಫೀಸ್ ಕೇಳೋ ಹಕ್ಕು ಅವರಿಗಿಲ್ಲ. ಯುಜಿಸಿ, ಅಂದ್ರೆ ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಕೇಂದ್ರದ ಆಯೋಗ, 2018ರಲ್ಲಿ ಹೊರಡಿಸಿದ ಆದೇಶ ಇದೆ: ಯೂನಿವರ್ಸಿಟಿ ಆಗ್ಲಿ ಅದರ ಕೆಳಗಿನ ಕಾಲೇಜಾಗ್ಲಿ ಮಕ್ಕಳ ಒರಿಜಿನಲ್ ಸರ್ಟಿಫಿಕೇಟ್ ಇಟ್ಕೊಳ್ಳೋ ಹಾಗಿಲ್ಲ, ನೋಡಿ ವಾಪಸ್ ಕೊಡ್ಬೇಕು, ಫೀಸೂ ಅಷ್ಟೇ, ಓದೋ ಸೆಮಿಸ್ಟರ್ ಅಥವಾ ವರ್ಷದ್ದು ಬಿಟ್ಟು ಮುಂದಿನದನ್ನ ಮುಂಚೆನೇ ಕಟ್ಟಿಸ್ಕೊಳ್ಳೋ ಹಾಗಿಲ್ಲ. ನೀನು ಕಟ್ಟಿರೋ ಫೀಸ್ ವಾಪಸ್ ಸಿಗುತ್ತಾ ಅಂದ್ರೆ, ಅಡ್ಮಿಷನ್ ಕೊನೇ ದಿನ ಆಗಿ 30 ದಿನ ಕಳೆದ ಮೇಲೆ ಬಿಟ್ರೆ ಆ ಆದೇಶದ ಪ್ರಕಾರ ಏನೂ ಬರಲ್ಲ, ಆ ದುಡ್ಡಿನ ಆಸೆ ಬಿಡು. ಸರ್ಟಿಫಿಕೇಟ್ ಆಸೆ ಮಾತ್ರ ಬಿಡ್ಬೇಡ. ಬರೀ ಬಾಯಲ್ಲಿ ಕೇಳಿದ್ರೆ ಸಾಲದು, ಅರ್ಜಿ ಬರೆದು ಪ್ರಿನ್ಸಿಪಾಲರಿಗೆ ಕೊಟ್ಟು ಇನ್ನೊಂದು ಕಾಪಿ ಮೇಲೆ ಸೀಲು ಹಾಕಿಸ್ಕೊಂಡು ಬಾ, ಅಪ್ಪನ್ನೋ ಮಾವನ್ನೋ ಜೊತೇಲಿ ಕರ್ಕೊಂಡು ಹೋಗು. ಎರಡು ವಾರ ನೋಡು. ಆಗ್ಲಿಲ್ಲಾ ಅಂದ್ರೆ ಯೂನಿವರ್ಸಿಟಿ ಕುಲಸಚಿವರಿಗೆ ಬರಿ, ಯುಜಿಸಿಯ ಇ-ಸಮಾಧಾನ್ ಪೋರ್ಟಲಲ್ಲೂ ದೂರು ಹಾಕು. ಅರ್ಜಿಲಿ ಟಿಸಿ ಜೊತೆಗೆ 'ನನ್ನ ಪ್ರವೇಶ ರದ್ದು ಮಾಡಿ' ಅನ್ನೋದನ್ನೂ ಸೇರಿಸೋಕೆ ಮರೀಬೇಡ, ಯುಯುಸಿಎಂಎಸ್ ಪೋರ್ಟಲಲ್ಲಿ ಹಳೇದು ತೆಗೀದೆ ಹೊಸ ಕಾಲೇಜಿನವರು ಮುಂದೆ ಹೋಗೋಕಾಗಲ್ಲ. ಅಷ್ಟರೊಳಗೆ ಪಿಯು ಮಾರ್ಕ್ಸ್ ಕಾರ್ಡನ್ನ ಡಿಜಿಲಾಕರ್‌ನಲ್ಲಿ ಇಳಿಸಿಟ್ಕೋ, ಅರ್ಜಿ ಹಾಕೋಕೆ ಅದು ನಡೆಯುತ್ತೆ. ಜಾತಿ ಆದಾಯ ಪ್ರಮಾಣ ಪತ್ರದ ಅವಧಿ ಮುಗಿದಿದೆಯಾ ನೋಡ್ಕೋ, ಮುಗಿದಿದ್ರೆ ನಾಡಕಚೇರಿಲಿ ಈಗ್ಲೇ ಅರ್ಜಿ ಕೊಡು, ಜೂನ್ ತಿಂಗಳಲ್ಲಿ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ.

ಯಾವ ಕಾಲೇಜು ಅಂತ ನೀನು ಕೇಳಿಲ್ಲ, ಆದ್ರೂ ಹೇಳ್ತೀನಿ. ನಮ್ಮಲ್ಲಿ 2024ರಿಂದ ಮತ್ತೆ ಮೂರು ವರ್ಷದ ಡಿಗ್ರಿನೇ ಬಂದಿದೆ, ಸೈಕಾಲಜಿ ಜೊತೆ ಇನ್ನೂ ಎರಡು ವಿಷಯ ಇರುತ್ತೆ. ಸೈಕಾಲಜಿ ಮುಖ್ಯ ವಿಷಯವಾಗಿ ಇರೋ ಕಾಂಬಿನೇಷನ್ನೇ ತಗೋ, ಎಂಎ ಎಂಎಸ್ಸಿಗೆ ಹೋದಾಗ ಡಿಗ್ರಿಲಿ ಸೈಕಾಲಜಿ ಓದಿದ್ಯಾ ಅಂತ ಹೆಚ್ಚಿನ ಕಡೆ ಮೊದಲು ಕೇಳೋದೇ ಅದನ್ನ. ಸೇರೋ ಮುಂಚೆ ಕಾಲೇಜಿಗೆ ಹೋಗಿ ಲ್ಯಾಬ್ ತೋರ್ಸಿ ಅಂತ ಕೇಳು. ಸೈಕಾಲಜಿ ಲ್ಯಾಬಲ್ಲಿ ಮಿರರ್ ಡ್ರಾಯಿಂಗ್ ಅಂತ ಒಂದು ಪ್ರಯೋಗ ಇದೆ, ನಕ್ಷತ್ರದ ಚಿತ್ರ ಎದುರಿಗಿರುತ್ತೆ ಆದ್ರೆ ನೇರ ಕಾಣದಂಗೆ ಒಂದು ಪಟ್ಟಿ ಅಡ್ಡ ಇಟ್ಟಿರ್ತಾರೆ, ನೀನು ಕನ್ನಡೀಲಿ ನೋಡ್ಕೊಂಡು ಗೆರೆ ಮೇಲೆ ಪೆನ್ಸಿಲ್ ಓಡಿಸ್ಬೇಕು. ಮೊದಲ ಸಲ ಕೈ ಉಲ್ಟಾ ಓಡುತ್ತೆ, ಮೂಲೆ ಬಂದಾಗ ಪೆನ್ಸಿಲ್ ಅಲ್ಲೇ ಗಕ್ಕನೆ ನಿಂತ್ಬಿಡುತ್ತೆ, ಆರನೇ ಏಳನೇ ಸಲಕ್ಕೆ ತಪ್ಪು ಕಮ್ಮಿ ಆಗ್ತಾ ಬರುತ್ತೆ, ಕಲಿಯೋದು ಅಂದ್ರೇನು ಅನ್ನೋದು ಆವತ್ತು ನಿನ್ನ ಬೆರಳಿಗೇ ಗೊತ್ತಾಗುತ್ತೆ. ಆ ಹಲಗೆ ಬೀರುವಿನೊಳಗೆ ಧೂಳು ತಿಂತಾ ಬಿದ್ದಿದ್ರೆ ಬೇರೆ ಕಾಲೇಜು ನೋಡು, ಕಟ್ಟಡ ಎಷ್ಟೇ ಚೆನ್ನಾಗಿರ್ಲಿ.

ರಾಜ್ಯದ ಹೊರಗಡೆ ಹೋಗೋ ಮನಸ್ಸಿದ್ರೆ ಸಿಯುಇಟಿ, ಅಂದ್ರೆ ಕೇಂದ್ರೀಯ ಯೂನಿವರ್ಸಿಟಿಗಳ ಡಿಗ್ರಿ ಪ್ರವೇಶ ಪರೀಕ್ಷೆ, ಬರಿ. 2022ರಲ್ಲಿ ಶುರುವಾದ ಪರೀಕ್ಷೆ, ವಯಸ್ಸಿನ ಮಿತಿ ಇಲ್ಲ, ಹಿಂದಿನ ವರ್ಷ ಪಾಸಾದವರೂ ಬರೀಬಹುದು, ಕನ್ನಡದಲ್ಲೂ ಬರೀಬಹುದು. ಯೂನಿವರ್ಸಿಟಿಯಿಂದ ಯೂನಿವರ್ಸಿಟಿಗೆ ವಿಷಯದ ನಿಯಮ ಬೇರೆ ಇರುತ್ತೆ, ಡೆಲ್ಲಿ ಯೂನಿವರ್ಸಿಟಿಲಿ ನೀನು ಹನ್ನೆರಡನೇ ಕ್ಲಾಸಲ್ಲಿ ಓದಿದ ವಿಷಯಗಳಲ್ಲೇ ಬರೆದಿರ್ಬೇಕು, ಅದಕ್ಕೇ ಫಾರಂ ತುಂಬೋ ಮುಂಚೆ ನಿನಗೆ ಬೇಕಾದ ಯೂನಿವರ್ಸಿಟಿ ಪುಟ ತೆಗೆದು ಓದು.

ಅಪ್ಪನ ವಿಷಯ. ಅವರ ಮೇಲೆ ಕೋಪ ಮಾಡ್ಕೋಬೇಡ, ಅವರಿಗೆ ಹೆದರಿಕೆ. ಸೈಕಾಲಜಿಸ್ಟು ಎಂಬಿಬಿಎಸ್ ಡಾಕ್ಟ್ರಲ್ಲ, ಮಾತ್ರೆ ಬರೆದು ಕೊಡಲ್ಲ, ಆದ್ರೆ ನಿನ್ನ ರೂಮ್‌ಮೇಟ್‌ಗೆ ಇಸಿಜಿ ಮಾಡ್ಲಾಗದ್ದನ್ನ ಮಾಡಿದ್ದು ಅವರೇ ಅಂತ ಬಿಡಿಸಿ ಹೇಳು. ಇದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಕೋರ್ಸೂ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಸೈಕಾಲಜಿ ಪಾಠ ಶುರು ಮಾಡಿದ್ರು, 1935ರಲ್ಲಿ ಮೈಸೂರಲ್ಲಿ ಆಕಾಶವಾಣಿ ಅಂತ ರೇಡಿಯೋ ಶುರು ಮಾಡಿದ್ದೂ ಅದೇ ಸೈಕಾಲಜಿ ಮೇಷ್ಟ್ರು, ರೇಡಿಯೋ ಕೇಳಿ ಬೆಳೆದ ಅಪ್ಪಂದಿರಿಗೆ ಈ ಮಾತು ನಾಟುತ್ತೆ. ಜೊತೆಗೆ ದಾರಿ ಉದ್ದ ಇದೆ ಅನ್ನೋದನ್ನೂ ಮುಚ್ಚಿಡಬೇಡ. ಬಿಎ ಆದ ಕೂಡ್ಲೇ ಯಾರೂ ಸೈಕಾಲಜಿಸ್ಟ್ ಬೋರ್ಡ್ ಹಾಕಂಗಿಲ್ಲ. ಡಿಗ್ರಿ ಮೂರು ವರ್ಷ, ಎಂಎ ಅಥವಾ ಎಂಎಸ್ಸಿ ಎರಡು, ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗ್ಬೇಕಂದ್ರೆ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತು, ಅದರ ಒಪ್ಪಿಗೆ ಇರೋ ತರಬೇತಿ ಮುಗಿಸಿ ಅಲ್ಲಿ ರಿಜಿಸ್ಟರ್ ಆಗ್ಬೇಕು. ಇಷ್ಟು ದಿನ ಅದು ನಿಮ್ಹಾನ್ಸ್‌ನಂಥ ಕಡೆ ಎರಡು ವರ್ಷದ ಎಂಫಿಲ್ ಆಗಿತ್ತು, ಯುಜಿಸಿ ಎಂಫಿಲ್ಲನ್ನೇ ನಿಲ್ಲಿಸಿದೆ, ಕ್ಲಿನಿಕಲ್ ಸೈಕಾಲಜಿಯಂಥ ಒಂದೆರಡಕ್ಕೆ 2025-26ರ ತನಕ ವಿನಾಯ್ತಿ ಕೊಟ್ಟಿತ್ತು. ನೀನು ಅಲ್ಲಿಗೆ ಮುಟ್ಟೋ ಹೊತ್ತಿಗೆ ಕೋರ್ಸಿನ ಹೆಸರು ಬೇರೆ ಇರ್ಬಹುದು, ಆರ್‌ಸಿಐ ಒಪ್ಪಿಗೆ ಇದೆಯಾ ಅಂತ ಕೇಳೋ ಅಭ್ಯಾಸ ಈಗ್ಲಿಂದ್ಲೇ ಮಾಡ್ಕೋ. ಕ್ಲಿನಿಕಲ್ಲೇ ಆಗ್ಬೇಕು ಅಂತಿಲ್ಲ, ಶಾಲೆ ಕೌನ್ಸೆಲಿಂಗ್ ಇದೆ, ಪಾಠ ಇದೆ, ಕಂಪನಿಗಳ ಎಚ್‌ಆರ್ ಇದೆ, ಅದನ್ನ ಎರಡನೇ ವರ್ಷದಲ್ಲಿ ಕೂತು ಯೋಚ್ನೆ ಮಾಡೋಣ.

ಪ್ರಶ್ನೆ: ನಾನು ಬಳ್ಳಾರಿಯ ಗೃಹಿಣಿ, ವಯಸ್ಸು 34. 2010ರಲ್ಲಿ ಪಿಯುಸಿ ಮುಗೀತು, ಮದುವೆ ಆಯ್ತು, ಅಲ್ಲಿಗೆ ಓದು ನಿಂತೋಯ್ತು. ಈಗ ಮಕ್ಕಳು ದೊಡ್ಡವರಾಗಿದಾರೆ. ಕರೆಸ್ಪಾಂಡೆನ್ಸ್‌ನಲ್ಲಿ ಬಿಎ ಸೈಕಾಲಜಿ ಮಾಡ್ಬಹುದಾ? ಒಬ್ರು ಏಜೆಂಟ್ ಮನೇಲೇ ಕೂತು ಮಾಡಿ, ಮೂವತ್ತೈದು ಸಾವಿರ ಕಟ್ಟಿ ಅಂತಿದಾರೆ.

ಉತ್ತರ: ಒಂದು ರೂಪಾಯಿನೂ ಕೊಡ್ಬೇಡಿ ತಾಯಿ. 2025ರ ಜುಲೈ-ಆಗಸ್ಟ್ ಅಡ್ಮಿಷನ್‌ನಿಂದ ಸೈಕಾಲಜಿನ ದೂರ ಶಿಕ್ಷಣದಲ್ಲಾಗ್ಲಿ ಆನ್‌ಲೈನಲ್ಲಾಗ್ಲಿ ಕೊಡಂಗಿಲ್ಲ ಅಂತ ಯುಜಿಸಿ ನಿಲ್ಲಿಸಿದೆ, ಆರೋಗ್ಯ ವೃತ್ತಿಗಳಿಗೆ 2021ರಲ್ಲಿ ಬಂದ ಕಾಯ್ದೆ ಕೆಳಗೆ ಇದೂ ಸೇರಿರೋದ್ರಿಂದ. ಇಗ್ನೋ ಆಗ್ಲಿ ನಮ್ಮ ಮುಕ್ತ ವಿಶ್ವವಿದ್ಯಾಲಯ ಆಗ್ಲಿ ಎಲ್ಲರಿಗೂ ಇದೇ ನಿಯಮ. ಬಹಳ ಜನಕ್ಕೆ ಇದು ಇನ್ನೂ ಗೊತ್ತಿಲ್ಲ, ಏಜೆಂಟ್‌ಗಳಿಗೆ ಅದೇ ಬೇಕಾಗಿರೋದು. ಅನುಭವ ಇರೋ ನಿಮ್ಮಂಥ ಹೆಣ್ಣುಮಕ್ಕಳಿಗೆ ಈ ಬಾಗಿಲು ಮುಚ್ಚಿದ್ದು ನನಗೂ ಬೇಜಾರೇ.

ನಿಮಗೆ ಉಳಿದಿರೋದು ರೆಗ್ಯುಲರ್ ಕಾಲೇಜು. ಇಷ್ಟು ವರ್ಷದ ಗ್ಯಾಪ್ ಇದ್ರೂ ಬಿಎಗೆ ಸಾಮಾನ್ಯವಾಗಿ ವಯಸ್ಸು ಅಡ್ಡಿ ಬರಲ್ಲ, ಅಫಿಡವಿಟ್ ಕೊಟ್ರಾಯ್ತು, ಮದುವೆ ಆದ್ಮೇಲೆ ಹೆಸರು ಬದಲಾಗಿದ್ರೆ ಅದನ್ನೂ ಅದರಲ್ಲೇ ಬರೆಸಿ, ಯಾಕಂದ್ರೆ ಮಾರ್ಕ್ಸ್ ಕಾರ್ಡಲ್ಲಿ ಒಂದು ಹೆಸರು ಆಧಾರ್‌ನಲ್ಲಿ ಇನ್ನೊಂದು ಇದ್ರೆ ಕೌಂಟರಲ್ಲಿ ವಾಪಸ್ ಕಳಿಸ್ತಾರೆ. ಓಡಾಟಕ್ಕೆ ಶಕ್ತಿ ಯೋಜನೆ ಬಸ್ಸಿದೆ. ಕಷ್ಟ ಇರೋದು ಹಾಜರಾತಿದು, 75 ಪರ್ಸೆಂಟ್ ಬೇಕು, ಅಂದ್ರೆ ವಾರದಲ್ಲಿ ಹೆಚ್ಚು ದಿನ ಬೆಳಗ್ಗೆ ಮನೆ ಬಿಡ್ಲೇಬೇಕು, ಅಡುಗೆ ಮಕ್ಕಳ ಟಿಫನ್ ಯಾರು ನೋಡ್ಕೋತಾರೆ ಅಂತ ಯಜಮಾನ್ರ ಜೊತೆ ಕೂತು ಮಾತಾಡಿದ ಮೇಲೆ ಫಾರಂ ತನ್ನಿ. ಅದು ಆಗೋದೇ ಇಲ್ಲ ಅಂದ್ರೆ ಸೋಷಿಯಾಲಜಿಯಂಥ ವಿಷಯದಲ್ಲಿ ದೂರ ಶಿಕ್ಷಣದ ಬಿಎ ಮುಗಿಸಿ ಆಮೇಲೆ ಸಮಾಜ ಕಾರ್ಯದ ಸ್ನಾತಕೋತ್ತರ ಡಿಗ್ರಿ ಎಂಎಸ್‌ಡಬ್ಲ್ಯೂ ಮಾಡಿ, ಜನರ ಕಷ್ಟ ಕೇಳೋ ಕೆಲಸಕ್ಕೆ ಅದೂ ಒಂದು ದಾರಿ.

ಪ್ರಶ್ನೆ: ನಮಸ್ಕಾರ್ರೀ ಮೇಡಮ್ಮರ. ನಂದು ಧಾರವಾಡ. ಸೆಕೆಂಡ್ ಪಿಯುಸಿಯಾಗ ಇಂಗ್ಲಿಷ್ ಒಂದ ಉಳದೈತ್ರಿ, ಒಂದ್ ವರ್ಷ ಮೊಬೈಲ್ ಅಂಗಡ್ಯಾಗ ಕೆಲಸ ಮಾಡೇನಿ. ಒಬ್ಬಾಂವ ಬ್ಯಾರೆ ಬೋರ್ಡಿಂದ ಹದಿನೈದ ದಿನದಾಗ ಪಾಸ್ ಸರ್ಟಿಫಿಕೇಟ್ ಕೊಡಸ್ತೀನಿ ಅಂತಾನ್ರಿ. ಅದನ್ನ ಇಟ್ಕೊಂಡ ಸೈಕಾಲಜಿಗೆ ಸೇರಬಹುದೇನ್ರಿ?

ಉತ್ತರ: ಬೇಡಪ್ಪ, ಖಂಡಿತಾ ಬೇಡ. ಹದಿನೈದು ದಿನಕ್ಕೆ ಪಿಯುಸಿ ಪಾಸ್ ಮಾಡ್ಸೋ ಬೋರ್ಡ್ ಯಾವುದೂ ಇಲ್ಲ, ಯೂನಿವರ್ಸಿಟಿ ಅದನ್ನ ಪರಿಶೀಲನೆಗೆ ಕಳಿಸಿದಾಗ ನಿನ್ನ ಅಡ್ಮಿಷನ್ನೂ ಹೋಗುತ್ತೆ ಕೇಸೂ ಬೀಳುತ್ತೆ. ಎನ್‌ಐಒಎಸ್ ಅನ್ನೋ ಮುಕ್ತ ಶಾಲೆ ಬೋರ್ಡ್ ಕೇಂದ್ರ ಸರ್ಕಾರದ್ದು, ಅಸಲಿ, ಆದ್ರೆ ಒಂದೇ ವಿಷಯ ಉಳಿಸ್ಕೊಂಡಿರೋ ನಿನಗೆ ಅದೂ ಬೇಕಾಗಿಲ್ಲ. ನಮ್ಮ ಪಿಯು ಪರೀಕ್ಷೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೀತಿದೆ, ಒಂದರಲ್ಲಿ ಕೈತಪ್ಪಿದ್ರೆ ಇನ್ನೊಂದು ಇರುತ್ತೆ, ಆಮೇಲೂ ಡಿಗ್ರಿ ಅಡ್ಮಿಷನ್‌ಗೆ ಟೈಮ್ ಇರುತ್ತೆ. ನೀನು ಓದಿದ ಪಿಯು ಕಾಲೇಜಿಗೆ ಹೋಗಿ ಅಲ್ಲೇ ಫೀಸ್ ಕಟ್ಟು, ಕೊನೇ ದಿನಾಂಕ ಬರೆದು ಅಂಗಡಿ ಗೋಡೆಗೆ ಅಂಟಿಸ್ಕೋ. ಇಂಗ್ಲಿಷ್‌ಗೆ ಹೆದರ್ಬೇಡ, ಬೋರ್ಡ್ ವೆಬ್‌ಸೈಟಲ್ಲಿ ಹಳೇ ಪ್ರಶ್ನೆಪತ್ರಿಕೆ ಇರ್ತವೆ, ಮೊಬೈಲ್ ಅಂಗಡೀಲೇ ಇದ್ದೀಯ, ಇಳಿಸ್ಕೊಂಡು ದಿನಕ್ಕೆ ಒಂದು ಬರೆದು ನಿಮ್ಮ ಇಂಗ್ಲಿಷ್ ಮೇಷ್ಟ್ರಿಗೆ ತೋರ್ಸು. ಪಾಸಾದ ಮೇಲೆ ಮಾರ್ಕ್ಸ್ ಕಾರ್ಡ್ ಇಟ್ಕೊಂಡು ಇನ್ನೊಂದು ಪತ್ರ ಬರಿ, ಧಾರವಾಡ ಹುಬ್ಬಳ್ಳಿ ಕಡೆ ಸೈಕಾಲಜಿ ಇರೋ ಕಾಲೇಜು ನಾವಿಬ್ರೂ ಸೇರಿ ಹುಡುಕೋಣ.