ಕೈಯಲ್ಲಿ ಹೊಲಿದ ಪುಸ್ತಕಕ್ಕೆ ಚರ್ಮದ ಬೈಂಡಿಂಗ್ ಹೇಗೆ?

ಮಡಿಕೇರಿಯ ಮಳೆಗೂ ತಡೆಯುವ ಹಾಗೆ, ಅಜ್ಜನ ಲೆಕ್ಕದ ಪುಸ್ತಕಕ್ಕೆ ಚರ್ಮದ ಬೈಂಡಿಂಗ್ ಮಾಡುವುದು ಹೇಗೆ ಅಂತ ಕೇಳಿದ್ದೀರಿ.

ತಂಗಡಿ ತೊಗಟೆ, ಅಳಲೆಕಾಯಿಯಂಥವುಗಳಲ್ಲಿ ಹದ ಮಾಡಿದ ಆಡಿನ ಚರ್ಮ ತಗೊಳ್ಳಿ. ಮಡಿಚಿದ ಹಾಳೆಗಳ ಕಂತೆಗಳನ್ನು, ಬೆನ್ನಿಗೆ ಅಡ್ಡಲಾಗಿ ಇಟ್ಟ ಹುರಿಗಳಿಗೆ ಸೇರಿಸಿ ಹೊಲಿಯಿರಿ. ಹುರಿಯ ತುದಿಗಳನ್ನು ರಟ್ಟಿನ ತೂತಿಗೆ ತೂರಿಸಿ ಅಂಟಿಸಿ.

ನಿಜವಾದ ಕೆಲಸ ಇರುವುದು ಚರ್ಮ ಹೆರೆಯುವುದರಲ್ಲಿ. ಒಳಮೈ ಮೇಲೆ ಬರುವಂತೆ ನುಣುಪು ಕಲ್ಲಿನ ಮೇಲೆ ಹಾಸಿ, ಹರಿತವಾದ ಚಾಕುವಿನಿಂದ ಅಂಚನ್ನು ಕಾಗದದಷ್ಟು ತೆಳು ಮಾಡಬೇಕು. ಅವಸರ ಮಾಡಿದರೆ ತೂತು ಬೀಳುತ್ತದೆ. ಆಮೇಲೆ ಮೈದಾ ಅಂಟು ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಇನ್ನೊಂದು ಸಲ ಹಚ್ಚಿ. ಮೆತ್ತಗಾದ ಚರ್ಮವನ್ನು ಬೆನ್ನಿಗೆ ಎಳೆದು ಕೂರಿಸಿ, ಹುರಿಗಳ ಅಕ್ಕಪಕ್ಕ ದಾರ ಬಿಗಿಯಿರಿ. ಉಬ್ಬು ಎಷ್ಟು ಚೆಂದ ಏಳುತ್ತದೆ ನೋಡಿ!

ಜುಲೈನಲ್ಲಿ ಮಾತ್ರ ಬೇಡ. ಅಂಟು ಒಣಗುವ ಮೊದಲೇ ಬೂಷ್ಟು ಬರುತ್ತದೆ. ಅಂಗಳದಲ್ಲಿ ಕಾಫಿ ಒಣಗಿಸುವ ಜನವರಿ, ಫೆಬ್ರವರಿಯೇ ಸರಿ. ಹುಳ ಬರಬಾರದು ಅಂತ ಹಳಬರು ಅಂಟಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತಿದ್ದರು. ತೋಟದ ಗಿಡಗಳಿಗೆ ರೋಗ ಬರದಂತೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವುದೂ ಅದೇ ಅಲ್ವಾ? ಮನೆಯಲ್ಲಿದೆ ಅಂತ ಸುಮ್ನೆ ಹಾಕಬೇಡಿ. ಅದು ವಿಷ, ಜೊತೆಗೆ ವರ್ಷ ಕಳೆದಂತೆ ಕಾಗದವನ್ನೂ ಹಾಳು ಮಾಡುತ್ತದೆ.