ಹೆರಿಗೆಗೆ ಹಲ್ಲಿನ ಆಸರೆ: ಓಕರಿಕೆ ಬಂದರೆ

ಚೊಚ್ಚಲ ಹೆರಿಗೆಗೆಂದು ತಂದ ಹಲ್ಲಿನ ಆಸರೆಯನ್ನು (ಮಗುವನ್ನು ಹೊರದೂಡಲು ತಿಣುಕುವಾಗ ಹಲ್ಲುಗಳ ನಡುವೆ ಕಚ್ಚಿಕೊಳ್ಳುವ ಸಾಧನ) ಬಾಯಿಗಿಟ್ಟ ಕೂಡಲೇ ಓಕರಿಕೆ ಬರುತ್ತದೆ ಎಂದಿದ್ದೀರಿ. ಬಹುಶಃ ಅದರ ಹಿಂದಿನ ಅಂಚು ನಾಲಿಗೆಯ ಬುಡಕ್ಕೆ ತಾಗುತ್ತಿದೆ. ನನ್ನದೂ ಹಾಗೇ ಇತ್ತು. ನೀವೇ ಕತ್ತರಿಸಬೇಡಿ, ಒರಟು ಅಂಚು ಒಸಡನ್ನು ಗೀರುತ್ತದೆ. ಮೊದಲು ದಂತವೈದ್ಯರಿಂದ ಸರಿಪಡಿಸಿಕೊಳ್ಳಿ. ಸಡಿಲ ಹಲ್ಲು, ಕ್ಯಾಪ್ ಇದ್ದರೆ ಆಗಲೇ ತಿಳಿಸಿ. ಆಮೇಲೆ ಮೂಗಿನಿಂದ ಉಸಿರಾಡುತ್ತಾ ಒಂದೊಂದೇ ನಿಮಿಷ ಹಾಕಿ ನೋಡಿ. ತಿಣುಕುವ ಅಭ್ಯಾಸ ಮಾತ್ರ ಈಗ ಬೇಡವೇ ಬೇಡ.

ಹೆರಿಗೆ ವೈದ್ಯರ ಒಪ್ಪಿಗೆಯನ್ನು ಮುಂಚೆಯೇ ಪಡೆಯಿರಿ. ಗರ್ಭಕಂಠ ಪೂರ್ತಿ, ಅಂದರೆ 10 ಸೆಂಟಿಮೀಟರ್, ತೆರೆದು ಅವರು ತಿಣುಕಲು ಹೇಳಿದ ಮೇಲಷ್ಟೇ ಕಚ್ಚಿಕೊಳ್ಳಿ. ವಾಂತಿ ಬಂದರೆ, ಪೂರ್ಣ ಅರಿವಳಿಕೆ ಕೊಡುವುದಾದರೆ ತಕ್ಷಣ ತೆಗೆಯಬೇಕು. ಈ ಮಾತನ್ನು ಜೊತೆಯಲ್ಲಿರುವವರಿಗೂ ಹೇಳಿಡಿ. ಹೆರಿಗೆಯ ಅವಧಿ ಇದರಿಂದ ತಗ್ಗುತ್ತದೆಯೇ ಎಂಬುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಹಾಗಾಗಿ ಸರಿಪಡಿಸಿದ ಮೇಲೂ ಓಕರಿಕೆ ನಿಲ್ಲದಿದ್ದರೆ ಧಾರಾಳವಾಗಿ ಬಿಟ್ಟುಬಿಡಿ.